ಆಟದ ಗಂಟೆ ಕಸಿದರೆ ಪಾಠಕ್ಕೇನು ಲಾಭ?

ಫೆಬ್ರುವರಿ ಬಂತೆಂದರೆ ಸಾಕು, ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗಳ ದಿನಚರಿಯೇ ಬದಲಾಗುತ್ತದೆ. ಟೀವಿಯ ಸದ್ದು ಅಡಗುತ್ತದೆ. ನೆಂಟರಿಷ್ಟರ ಮದುವೆ, ಗೃಹಪ್ರವೇಶಗಳಿಗೆ ಮನೆಯಿಂದ ಒಬ್ಬರೇ ಹೋಗಿ ಮುಖ ತೋರಿಸಿ ಬರುತ್ತಾರೆ. ಸೈಕಲ್ಲು ಜಗಲಿಯ ಮೂಲೆ ಸೇರಿ ದೂಳು ತಿನ್ನತೊಡಗುತ್ತದೆ, ಷಟಲ್ ಬ್ಯಾಟು ಅಟ್ಟ ಸೇರುತ್ತದೆ. ಸಂಜೆ ಐದು ಗಂಟೆಗೆ ಬೀದಿಯಲ್ಲಿ ಗೆಳೆಯರ ಕೂಗು ಕೇಳಿ ಹುಡುಗ ಕಿಟಕಿಯತ್ತ ಕತ್ತು ಹೊರಳಿಸಿದರೆ ಅಡುಗೆಮನೆಯಿಂದಲೇ ಮಾತು ಬರುತ್ತದೆ: ‘ಇನ್ನು ನಲವತ್ತು ದಿನ ತಡ್ಕೊಳ್ಳೋ. ಪರೀಕ್ಷೆ ಮುಗೀಲಿ, ಆಮೇಲೆ ಎಷ್ಟು ಬೇಕಾದ್ರೂ ಆಡು, ಯಾರು ಬೇಡ ಅಂತಾರೆ?’

ಹುಡುಗಿಯರ ವಿಷಯದಲ್ಲಿ ಈ ಮಾತನ್ನು ಹೇಳುವ ಅಗತ್ಯವೂ ಬೀಳುವುದಿಲ್ಲ. ಬಹಳಷ್ಟು ಮನೆಗಳಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೇ ಅವರ ಕುಂಟೆಬಿಲ್ಲೆ, ಖೊಖೊಗಳೆಲ್ಲ ನಿಂತುಹೋಗಿರುತ್ತವೆ.

ಶಾಲೆಯ ಕಥೆಯೂ ಬೇರೆಯಲ್ಲ. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ ಇದ್ದೇ ಇರುತ್ತದೆ. ಆದರೆ ಜನವರಿ ಕಳೆದ ಮೇಲೆ ಪಿ.ಟಿ. ಮೇಷ್ಟ್ರ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ಸಾಲ ಪಡೆಯುತ್ತಾರೆ, ಮರುವಾರ ವಿಜ್ಞಾನದ ಮೇಡಂ ಪಡೆಯುತ್ತಾರೆ. ಆ ಸಾಲ ತೀರುವುದೇ ಇಲ್ಲ.

ಯಾರಲ್ಲೂ ಕೆಟ್ಟ ಉದ್ದೇಶವಿಲ್ಲ. ಇದರ ಹಿಂದಿರುವುದು ಒಂದು ಸರಳ ಲೆಕ್ಕ. ದಿನಕ್ಕೆ ಇರುವುದು 24 ಗಂಟೆ. ಅದರಲ್ಲಿ ಒಂದು ಗಂಟೆ ಆಟಕ್ಕೆ ಹೋದರೆ ಓದಿಗೆ ಒಂದು ಗಂಟೆ ಕಡಿಮೆಯಾಯಿತು, ಅಷ್ಟರಮಟ್ಟಿಗೆ ಅಂಕವೂ ಕಡಿಮೆಯಾಯಿತು ಎಂಬ ಲೆಕ್ಕ. ಮೇಲ್ನೋಟಕ್ಕೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಈ ಲೆಕ್ಕವನ್ನು ಶಾಲೆಗಳಲ್ಲಿಯೇ ಪರೀಕ್ಷಿಸಿ ನೋಡಿದವರಿದ್ದಾರೆ. ಅವರಿಗೆ ಸಿಕ್ಕ ಉತ್ತರ ಬೇರೆಯೇ ಆಗಿತ್ತು.

ಪಾಠ ಕಡಿಮೆ, ಅಂಕ ಕಡಿಮೆಯಾಗಲಿಲ್ಲ

1950ರ ದಶಕದ ಆರಂಭದಲ್ಲಿ ಪ್ಯಾರಿಸ್ ನಗರಕ್ಕೆ ಅಂಟಿಕೊಂಡಿರುವ ವಾನ್ವ್ ಎಂಬ ಊರಿನ ಶಾಲೆಯೊಂದರಲ್ಲಿ ಧೈರ್ಯದ ಪ್ರಯೋಗವೊಂದು ನಡೆಯಿತು. ಒಂದು ತರಗತಿಯ ಮಕ್ಕಳಿಗೆ ಪಾಠದ ಅವಧಿಯನ್ನು ಸುಮಾರು ಕಾಲು ಭಾಗದಷ್ಟು ಕಡಿತಗೊಳಿಸಲಾಯಿತು. ಬೆಳಗಿನ ಹೊತ್ತು ಪಾಠ, ಮಧ್ಯಾಹ್ನದ ನಂತರ ಬಯಲಿನಲ್ಲಿ ಆಟ, ವ್ಯಾಯಾಮ. ವರ್ಷದ ಕೊನೆಗೆ ನೋಡಿದರೆ ಆ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿರಲಿಲ್ಲ. ತರಗತಿಯಲ್ಲಿ ತಂಟೆ, ತಕರಾರುಗಳೂ ಕಡಿಮೆಯಾಗಿದ್ದವು.

ಇದಕ್ಕಿಂತ ದೊಡ್ಡ ಹಾಗೂ ಶಿಸ್ತುಬದ್ಧವಾದ ಪ್ರಯೋಗ 1970ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಆರಂಭವಾಯಿತು. ತ್ರುವಾ ರಿವಿಯೇರ್ ಎಂಬ ಪಟ್ಟಣದ ಒಂದು ಶಾಲೆ, ಪೋನ್ ರೂಜ್ ಎಂಬ ಹಳ್ಳಿಯ ಒಂದು ಶಾಲೆ, ಒಟ್ಟು 546 ಪ್ರಾಥಮಿಕ ಶಾಲಾ ಮಕ್ಕಳು. ಒಂದು ಗುಂಪಿನ ಮಕ್ಕಳಿಗೆ ಪ್ರತಿದಿನ ಒಂದು ಗಂಟೆ, ಅಂದರೆ ವಾರಕ್ಕೆ ಐದು ಗಂಟೆ ಹೆಚ್ಚುವರಿ ದೈಹಿಕ ಶಿಕ್ಷಣ. ಈ ಐದು ಗಂಟೆಯನ್ನು ಹೊಂದಿಸಲು ಪಾಠದ ವೇಳೆಯಲ್ಲಿ ಶೇಕಡಾ 13ರಿಂದ 14ರಷ್ಟನ್ನು ಕತ್ತರಿಸಬೇಕಾಯಿತು. ಅದೇ ಶಾಲೆಗಳಲ್ಲಿ ಇವರಿಗಿಂತ ಒಂದು ವರ್ಷ ಹಿಂದೆ ಹಾಗೂ ಮುಂದೆ ಇದ್ದ ತರಗತಿಗಳ ಮಕ್ಕಳಿಗೆ ಎಂದಿನ ಪಾಠ, ಎಂದಿನ ವೇಳಾಪಟ್ಟಿ.

ಪ್ರಾಥಮಿಕ ಶಾಲೆಯ ಅವಧಿಯುದ್ದಕ್ಕೂ ಈ ಎರಡೂ ಗುಂಪುಗಳನ್ನು ಹೋಲಿಸಿ ನೋಡಲಾಯಿತು. ಏಳನೆಯ ಒಂದು ಭಾಗದಷ್ಟು ಪಾಠವನ್ನೇ ಕಳೆದುಕೊಂಡ ಮಕ್ಕಳು ಅಂಕದಲ್ಲಿ ಹಿಂದುಳಿಯಲಿಲ್ಲ. ಒಟ್ಟಾರೆಯಾಗಿ ತುಸು ಮುಂದೆಯೇ ಇದ್ದರು.

ಗಂಟೆಗಳ ಲೆಕ್ಕದಲ್ಲಿ ಇದು ಕೂಡುವುದಿಲ್ಲ. ಹಾಗಾದರೆ ಕಳೆದುಹೋದ ಆ ಪಾಠದ ವೇಳೆಯನ್ನು ತುಂಬಿಕೊಟ್ಟದ್ದು ಯಾವುದು? ಉತ್ತರಕ್ಕಾಗಿ ತಲೆಬುರುಡೆಯ ಒಳಗೆ ಇಣುಕಬೇಕು.

ನೆನಪಿನ ಹೆಬ್ಬಾಗಿಲು

ವಯಸ್ಕರ ಮಿದುಳಿನ ತೂಕ ಒಂದೂಕಾಲು ಕಿಲೋಗಿಂತ ತುಸು ಹೆಚ್ಚು. ದೇಹದ ತೂಕದಲ್ಲಿ ಅದರ ಪಾಲು ಶೇಕಡಾ 2 ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಆಮ್ಲಜನಕದ ಸುಮಾರು ಶೇಕಡಾ 20ರಷ್ಟನ್ನು ಅದೇ ಕಬಳಿಸುತ್ತದೆ. ಹೃದಯ ಮತ್ತು ರಕ್ತನಾಳಗಳು ಎಷ್ಟು ಸಮರ್ಥವಾಗಿವೆ ಎಂಬುದು ಕೈಕಾಲಿಗೆ ಎಷ್ಟು ಮುಖ್ಯವೋ ಮಿದುಳಿಗೂ ಅಷ್ಟೇ ಮುಖ್ಯ. ನಿತ್ಯ ವ್ಯಾಯಾಮ ಮಾಡುವವರ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುವ ಶಕ್ತಿ ಪಡೆಯುತ್ತದೆ. ಇದು ಮೊದಲ ಲಾಭ.

ಎರಡನೆಯದು ಇನ್ನೂ ಸ್ವಾರಸ್ಯಕರ. ಮಿದುಳಿನ ಒಳಭಾಗದಲ್ಲಿ, ಎರಡೂ ಕಿವಿಗಳ ನೇರಕ್ಕೆ, ಕಡಲಕುದುರೆಯ ಆಕಾರದ ಒಂದು ಪುಟ್ಟ ಭಾಗವಿದೆ. ಗ್ರೀಕ್ ಭಾಷೆಯಲ್ಲಿ ಕಡಲಕುದುರೆಗಿರುವ ಹೆಸರನ್ನೇ ಇಟ್ಟು ಅದನ್ನು ಹಿಪೊಕ್ಯಾಂಪಸ್ ಎನ್ನುತ್ತಾರೆ. ಅದರ ಕೆಲಸವೇನೆಂದು ಜಗತ್ತಿಗೆ ತಿಳಿದದ್ದು ಒಂದು ದುರಂತದಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ತೀವ್ರವಾದ ಮೂರ್ಛೆರೋಗವಿತ್ತು. 1953ರಲ್ಲಿ, ಅವನಿಗೆ 27 ವರ್ಷವಾಗಿದ್ದಾಗ, ರೋಗ ಹತೋಟಿಗೆ ತರಲೆಂದು ಶಸ್ತ್ರಚಿಕಿತ್ಸೆ ನಡೆಸಿ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಿದರು. ಮೂರ್ಛೆ ತಗ್ಗಿತು. ಆದರೆ ಅಂದಿನಿಂದ ಹೊಸದೇನೂ ಅವನ ನೆನಪಿನಲ್ಲಿ ಉಳಿಯಲಿಲ್ಲ. ಬಾಲ್ಯ ನೆನಪಿತ್ತು, ಮಾತು, ಬುದ್ಧಿ ಸರಿಯಾಗಿದ್ದವು. ಆದರೆ ದಶಕಗಳ ಕಾಲ ತನ್ನನ್ನು ಪರೀಕ್ಷಿಸುತ್ತಿದ್ದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಪ್ರತಿಬಾರಿಯೂ ಅವನಿಗೆ ಹೊಸಬರೇ. 2008ರಲ್ಲಿ ತೀರಿಕೊಳ್ಳುವವರೆಗೂ ಅವನ ಸ್ಥಿತಿ ಹಾಗೆಯೇ ಇತ್ತು.

ಇಂದು ಓದಿದ ಪಾಠ ನಾಳೆಗೆ ಉಳಿಯಬೇಕಾದರೆ ಈ ಕಡಲಕುದುರೆಯ ಬಾಗಿಲಿನ ಮೂಲಕವೇ ಹಾದು ಹೋಗಬೇಕು. ವ್ಯಾಯಾಮದ ಪರಿಣಾಮ ಎದ್ದು ಕಾಣುವುದು ಮಿದುಳಿನ ಇದೇ ಭಾಗದಲ್ಲಿ ಎಂಬುದು ಗಮನಾರ್ಹ.

ಚಕ್ರ ತುಳಿದ ಇಲಿಗಳು

ಹುಟ್ಟುವಾಗ ಪಡೆದುಬಂದ ನರಕೋಶಗಳೇ ಕೊನೆಯವರೆಗೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. 1965ರಲ್ಲಿ ಅಮೆರಿಕದ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ ಎಂಬ ಸಂಶೋಧಕರು ಹೆಗ್ಗಣ ಜಾತಿಯ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹುಟ್ಟಿದ ನಂತರವೂ ಹೊಸ ನರಕೋಶಗಳು ಮೂಡುತ್ತವೆ ಎಂದು ತೋರಿಸಿದರು. ಆದರೆ ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ.

1999ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಹೆನ್ರಿಯೆಟ್ ವಾನ್ ಪ್ರಾಗ್, ಫ್ರೆಡ್ ಗೇಜ್ ಮತ್ತು ಸಂಗಡಿಗರು ಚಿಟ್ಟಿಲಿಗಳ ಪಂಜರದಲ್ಲಿ ತಿರುಗುವ ಚಕ್ರವೊಂದನ್ನು ಇಟ್ಟರು. ಇಲಿಗಳು ತಮಗೆ ಇಷ್ಟವಾದಷ್ಟು ಹೊತ್ತು ಚಕ್ರ ಹತ್ತಿ ಓಡಬಹುದಿತ್ತು. ಇನ್ನೊಂದು ಗುಂಪಿನ ಇಲಿಗಳಿಗೆ ಚಕ್ರವಿರಲಿಲ್ಲ. ಕೆಲವು ವಾರಗಳ ನಂತರ ನೋಡಿದಾಗ, ಓಡಿದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸದಾಗಿ ಹುಟ್ಟಿ ಬದುಕುಳಿದ ಕೋಶಗಳು ಓಡದ ಇಲಿಗಳಿಗಿಂತ ಸುಮಾರು ಎರಡು ಪಟ್ಟು ಇದ್ದವು. ತೊಟ್ಟಿಯ ನೀರಿನಡಿ ಬಚ್ಚಿಟ್ಟ ಹಲಗೆ ಎಲ್ಲಿದೆ ಎಂಬುದನ್ನು ಕಲಿತು ನೆನಪಿಡುವ ಪರೀಕ್ಷೆಯಲ್ಲೂ ಓಡಿದ ಇಲಿಗಳದೇ ಮೇಲುಗೈ.

ಇದರಲ್ಲಿ ಒಂದು ಪದಾರ್ಥದ ಪಾತ್ರ ದೊಡ್ಡದು. ಬಿ.ಡಿ.ಎನ್.ಎಫ್. ಎಂಬ ಹೆಸರಿನ ಈ ಪ್ರೋಟೀನನ್ನು ಜರ್ಮನಿಯಲ್ಲಿ 1982ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಲಾಯಿತು. ಎಳೆಯ ನರಕೋಶಗಳಿಗೆ ಬಾಣಂತನ ಮಾಡುವುದು, ನರಕೋಶಗಳ ನಡುವಿನ ಸಂಪರ್ಕಗಳನ್ನು ಗಟ್ಟಿಗೊಳಿಸುವುದು ಅದರ ಕೆಲಸ. ಚಕ್ರ ತುಳಿದ ಇಲಿಗಳ ಮಿದುಳಿನಲ್ಲಿ ಇದರ ಉತ್ಪಾದನೆ ಹೆಚ್ಚುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಕಾರ್ಲ್ ಕಾಟ್‌ಮನ್ ಅವರ ತಂಡ 1995ರಲ್ಲೇ ವರದಿ ಮಾಡಿತ್ತು.

ಇಲಿಯ ಮಾತು ಇಲಿಗಾಯಿತು, ಮನುಷ್ಯನ ಕಥೆ ಏನು? 1998ರಲ್ಲಿ ಸ್ವೀಡನ್ ಹಾಗೂ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಹಿಪೊಕ್ಯಾಂಪಸ್‌ನಲ್ಲೂ ಹೊಸ ನರಕೋಶಗಳು ಹುಟ್ಟುತ್ತವೆ ಎಂದು ಪ್ರಕಟಿಸಿದರು. 2018ರಲ್ಲಿ ಒಂದು ತಂಡ ‘ಬಾಲ್ಯ ಕಳೆದ ಮೇಲೆ ಅಂಥ ಕೋಶಗಳು ಕಾಣಸಿಗುವುದಿಲ್ಲ’ ಎಂದಿತು, ಅದೇ ವರ್ಷ ಇನ್ನೊಂದು ತಂಡ ‘ಮುಪ್ಪಿನವರೆಗೂ ಹುಟ್ಟುತ್ತವೆ’ ಎಂದಿತು. ಈ ಜಗಳ ಪೂರ್ತಿ ತೀರಿಲ್ಲ. ಆದರೆ ಹೊಸ ಕೋಶ ಹುಟ್ಟಲಿ, ಬಿಡಲಿ, ಹಿಪೊಕ್ಯಾಂಪಸ್‌ನ ಗಾತ್ರದ ಮೇಲೆ ವ್ಯಾಯಾಮದ ಪರಿಣಾಮ ಆಗಬಲ್ಲದು ಎಂಬುದಕ್ಕೆ 2011ರಲ್ಲಿ ಒಂದು ಗಟ್ಟಿ ಪುರಾವೆ ಸಿಕ್ಕಿತು.

ಅಮೆರಿಕದ ಕರ್ಕ್ ಎರಿಕ್ಸನ್, ಆರ್ಥರ್ ಕ್ರೇಮರ್ ಮತ್ತು ಜೊತೆಗಾರರು 55ರಿಂದ 80 ವರ್ಷದೊಳಗಿನ 120 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ವಾರಕ್ಕೆ ಮೂರು ದಿನ, ನಲವತ್ತು ನಿಮಿಷ ಬಿರುಸಾಗಿ ನಡೆದರು. ಇನ್ನೊಂದು ಗುಂಪಿನವರು ಕೈಕಾಲು ಚಾಚುವಂಥ ಹಗುರ ಕಸರತ್ತು ಮಾಡಿದರು. ವಯಸ್ಸಾದಂತೆ ಹಿಪೊಕ್ಯಾಂಪಸ್ ಸವೆಯುವುದು ಸಹಜ. ವರ್ಷ ಕಳೆದ ಮೇಲೆ ಹಗುರ ಕಸರತ್ತಿನವರಲ್ಲಿ ಅದು ಶೇಕಡಾ 1.4ರಷ್ಟು ಕುಗ್ಗಿತ್ತು. ನಡೆದವರಲ್ಲಿ ಕುಗ್ಗುವ ಬದಲು ಶೇಕಡಾ 2ರಷ್ಟು ಹಿಗ್ಗಿತ್ತು. ಅಜ್ಜ, ಅಜ್ಜಿಯರ ಮಿದುಳೇ ಇಷ್ಟು ಸ್ಪಂದಿಸುವುದಾದರೆ ಬೆಳೆಯುವ ಮಕ್ಕಳ ಮಿದುಳಿನ ಬಗ್ಗೆ ಯೋಚಿಸದೆ ಇರಲಾದೀತೆ?

ಬಾಣದ ಗುರುತುಗಳ ಪರೀಕ್ಷೆ

ಓದಲು ಕುಳಿತ ಮಕ್ಕಳ ಬಗ್ಗೆ ತಾಯ್ತಂದೆಯರ ಸಾಮಾನ್ಯ ದೂರು ಒಂದೇ: ‘ಪುಸ್ತಕದ ಮುಂದೆ ಕೂತಿರ್ತಾನೆ, ಮನಸ್ಸು ಎಲ್ಲೋ ಇರುತ್ತೆ.’ ನೆನಪಿನಷ್ಟೇ ಮುಖ್ಯವಾದದ್ದು ಗಮನ. ಅದನ್ನು ಅಳೆಯಲು ಮನೋವಿಜ್ಞಾನಿಗಳ ಬಳಿ ಒಂದು ಸರಳ ಪರೀಕ್ಷೆಯಿದೆ. ಪರದೆಯ ಮೇಲೆ ಐದು ಬಾಣದ ಗುರುತುಗಳು ಸಾಲಾಗಿ ಮೂಡುತ್ತವೆ. ನಡುವಿನ ಬಾಣ ಯಾವ ಕಡೆಗಿದೆ ಎಂದು ಥಟ್ಟನೆ ಗುಂಡಿ ಒತ್ತಿ ಹೇಳಬೇಕು. ಕೆಲವು ಸಲ ಅಕ್ಕಪಕ್ಕದ ಬಾಣಗಳೂ ಅದೇ ದಿಕ್ಕಿಗಿರುತ್ತವೆ. ಕೆಲವು ಸಲ ವಿರುದ್ಧ ದಿಕ್ಕಿಗಿದ್ದು ದಾರಿ ತಪ್ಪಿಸುತ್ತವೆ. ಸುತ್ತಲಿನ ಗದ್ದಲ ಬದಿಗೊತ್ತಿ ಬೇಕಾದ್ದನ್ನಷ್ಟೇ ನೋಡುವ ಶಕ್ತಿ ಇಲ್ಲಿ ಬಯಲಾಗುತ್ತದೆ.

ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್ಮನ್ 2009ರಲ್ಲಿ ಒಂಬತ್ತು, ಹತ್ತು ವರ್ಷದ 20 ಮಕ್ಕಳಿಗೆ ಈ ಪರೀಕ್ಷೆಯನ್ನು ಎರಡು ದಿನ ಕೊಟ್ಟರು. ಒಂದು ದಿನ ಸುಮ್ಮನೆ ಕುಳಿತೆದ್ದ ಮೇಲೆ, ಇನ್ನೊಂದು ದಿನ 20 ನಿಮಿಷ ಬಿರುಸಾಗಿ ನಡೆದ ಮೇಲೆ. ಮಕ್ಕಳು ಅವರೇ. ಆದರೂ ನಡೆದು ಬಂದ ದಿನ ಅವರ ಉತ್ತರಗಳು ಹೆಚ್ಚು ಸರಿಯಾಗಿದ್ದವು. ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲಿಯೂ ಅಂದು ಹೆಚ್ಚು ಅಂಕ ಬಂತು.

ಇಪ್ಪತ್ತು ಮಕ್ಕಳ ಪ್ರಯೋಗ ಚಿಕ್ಕದೇ. ಅದೇ ಹಿಲ್ಮನ್ ತಂಡ 2014ರಲ್ಲಿ 7ರಿಂದ 9 ವರ್ಷದ 221 ಮಕ್ಕಳ ಅಧ್ಯಯನವನ್ನು ಪ್ರಕಟಿಸಿತು. ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂಬತ್ತು ತಿಂಗಳು ಪ್ರತಿದಿನ ಶಾಲೆ ಬಿಟ್ಟ ನಂತರ ಓಡಾಟದ ಆಟಗಳನ್ನು ಆಡಿಸಲಾಯಿತು. ಆಡಿದ ಮಕ್ಕಳಲ್ಲಿ ಗಮನ ಹಿಡಿದಿಡುವ ಶಕ್ತಿ, ಒಂದು ಲೆಕ್ಕದಿಂದ ಇನ್ನೊಂದು ಬಗೆಯ ಲೆಕ್ಕಕ್ಕೆ ಮನಸ್ಸನ್ನು ಹೊರಳಿಸುವ ಶಕ್ತಿ, ಎರಡೂ ಹೆಚ್ಚು ಸುಧಾರಿಸಿದ್ದವು. ಎಷ್ಟು ಹೆಚ್ಚು ದಿನ ಆಟಕ್ಕೆ ಹಾಜರಾಗಿದ್ದರೋ ಅಷ್ಟು ಹೆಚ್ಚು ಸುಧಾರಣೆ ಕಂಡುಬಂತು.

ವಾನ್ವ್ ಮತ್ತು ಕ್ವಿಬೆಕ್ ಮಕ್ಕಳ ಒಗಟಿಗೆ ಉತ್ತರದ ಒಂದು ಸುಳಿವು ಇಲ್ಲಿದೆ. ಮನಸ್ಸು ಅಲೆಯುತ್ತಿರುವ ಎರಡು ಗಂಟೆಗಿಂತ ಮನಸ್ಸು ನೆಟ್ಟ ಒಂದು ಗಂಟೆಯಲ್ಲಿ ಹೆಚ್ಚು ಪಾಠ ತಲೆಗೆ ಹತ್ತುತ್ತದೆ.

ಓದುವ ಮುಂಚೆಯೋ, ಓದಿದ ಮೇಲೋ?

ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯುವಕರಿಗೆ ಹೊಸ ಪದಗಳನ್ನು ಕಲಿಯಲು ಹೇಳಲಾಯಿತು. ಕಲಿಯುವ ಮುಂಚೆ ಒಮ್ಮೆ ವಿಶ್ರಾಂತಿ, ಒಮ್ಮೆ ನಿಧಾನ ಓಟ, ಮತ್ತೊಮ್ಮೆ ಏದುಸಿರು ಬರುವಂತೆ ತಲಾ ಮೂರು ನಿಮಿಷದ ಎರಡು ಬಿರುಸು ಓಟ. ಬಿರುಸು ಓಟದ ನಂತರ ಅವರು ಪದಗಳನ್ನು ಶೇಕಡಾ 20ರಷ್ಟು ಬೇಗ ಕಲಿತರು.

ಹಾಲೆಂಡಿನ ನೈಮೇಹನ್‌ನಲ್ಲಿ 2016ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ವಿರುದ್ಧ ದಿಕ್ಕಿನಿಂದ ನೋಡಿತು. 72 ಮಂದಿ ಸುಮಾರು 40 ನಿಮಿಷ ಕುಳಿತು, ಯಾವ ಚಿತ್ರ ಪರದೆಯ ಯಾವ ಜಾಗದಲ್ಲಿತ್ತು ಎಂಬಂಥ 90 ಜೋಡಿಗಳನ್ನು ಕಲಿತರು. ಒಂದು ಗುಂಪಿನವರು ಕಲಿತ ತಕ್ಷಣ ವ್ಯಾಯಾಮದ ಸೈಕಲ್ ತುಳಿದರು, ಇನ್ನೊಂದು ಗುಂಪಿನವರು ನಾಲ್ಕು ಗಂಟೆ ಬಿಟ್ಟು ತುಳಿದರು, ಮೂರನೆಯವರು ತುಳಿಯಲೇ ಇಲ್ಲ. ಎರಡು ದಿನದ ನಂತರ ಪರೀಕ್ಷಿಸಿದಾಗ ಚೆನ್ನಾಗಿ ನೆನಪಿಟ್ಟುಕೊಂಡವರು ನಾಲ್ಕು ಗಂಟೆ ಬಿಟ್ಟು ತುಳಿದವರು.

ಹಾಗೆಂದು ಗಡಿಯಾರ ಹಿಡಿದು ನಾಲ್ಕು ಗಂಟೆ ಎಣಿಸಬೇಕಿಲ್ಲ. ಓದಿನ ಮುಂಚೆಯಾದರೂ ಸರಿ, ಓದಿನ ನಂತರವಾದರೂ ಸರಿ, ಮೈ ಬೆವರಿಸಿದ ಹೊತ್ತು ಓದಿನ ಶತ್ರುವಲ್ಲ ಎಂಬುದಷ್ಟನ್ನು ಇವುಗಳಿಂದ ತಿಳಿದುಕೊಂಡರೆ ಸಾಕು.

ಭಯಕ್ಕೂ ಮದ್ದು

ಪರೀಕ್ಷೆ ಹತ್ತಿರವಾದಂತೆ ಅನೇಕ ಮಕ್ಕಳಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಬರುವ ಉತ್ತರವೂ ಮರೆತುಹೋಗುತ್ತದೆ. ಒತ್ತಡದ ಸಮಯದಲ್ಲಿ ದೇಹದಲ್ಲಿ ಕಾರ್ಟಿಸಾಲ್ ಎಂಬ ರಸದೂತ ಏರುತ್ತದೆ. ಸ್ವಲ್ಪ ಹೊತ್ತು ಏರಿ ಇಳಿದರೆ ತೊಂದರೆಯಿಲ್ಲ. ವಾರಗಟ್ಟಲೆ ಏರಿಯೇ ಇದ್ದರೆ ಅದು ಕೆಡಿಸುವುದು ನೆನಪಿನ ಹೆಬ್ಬಾಗಿಲಾದ ಅದೇ ಹಿಪೊಕ್ಯಾಂಪಸ್‌ನ ಕೆಲಸವನ್ನು.

ನಿಯಮಿತ ವ್ಯಾಯಾಮ ಮನಸ್ಸನ್ನು ಹಗುರಗೊಳಿಸುತ್ತದೆ, ಗಾಢ ನಿದ್ದೆ ತರುತ್ತದೆ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಜೊತೆಗಾರರು ಖಿನ್ನತೆಯಿಂದ ಬಳಲುತ್ತಿದ್ದ, 50 ದಾಟಿದ 156 ಮಂದಿಯ ಮೇಲೆ 16 ವಾರಗಳ ಅಧ್ಯಯನ ನಡೆಸಿದರು. ಕೆಲವರಿಗೆ ಮಾತ್ರೆ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ. ಕೊನೆಗೆ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸಮನಾಗಿ ಚೇತರಿಸಿಕೊಂಡಿದ್ದರು. ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಓಡಿ ಎಂದು ಇದರ ಅರ್ಥವಲ್ಲ. ಮಗು ಮಂಕಾಗಿ ಕುಳಿತರೆ, ಮಾತು ಬಿಟ್ಟರೆ ವೈದ್ಯರ ಬಳಿ ಕರೆದೊಯ್ಯಲೇಬೇಕು. ಆದರೆ ಆತಂಕದಲ್ಲಿರುವ ಮಗುವಿನ ಆಟವನ್ನೇ ಮೊದಲು ನಿಲ್ಲಿಸುವುದು ಬೆಂಕಿ ಬಿದ್ದ ಮನೆಯ ಬಾವಿಯನ್ನೇ ಮುಚ್ಚಿದಂತೆ.

ಓಡಿದರೆ ಓದು ತಾನಾಗಿ ಬರದು

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. ಷಿಕಾಗೋ ನಗರದ ಹೊರವಲಯದಲ್ಲಿರುವ ನೇಪರ್‌ವಿಲ್ ಎಂಬ ಊರಿನ ಶಾಲೆಗಳು ದೈಹಿಕ ಶಿಕ್ಷಣಕ್ಕೆ ಹೆಸರುವಾಸಿ. ಅಲ್ಲಿನ ಹೈಸ್ಕೂಲೊಂದರಲ್ಲಿ ಮೊದಲ ಪಾಠಕ್ಕೂ ಮುಂಚೆ ಮಕ್ಕಳನ್ನು ಓಡಿಸುವ ಪದ್ಧತಿ ಬಂತು. ಗಣಿತ, ವಿಜ್ಞಾನಗಳಲ್ಲಿ ನಾನಾ ದೇಶಗಳ ಮಕ್ಕಳನ್ನು ಹೋಲಿಸುವ 1999ರ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲಿ ಆ ಊರಿನ ಮಕ್ಕಳು ವಿಜ್ಞಾನದಲ್ಲಿ ಮೊದಲ ಸ್ಥಾನ, ಗಣಿತದಲ್ಲಿ ಆರನೆಯ ಸ್ಥಾನ ಪಡೆದರು. ‘ಎಲ್ಲ ಓಟದ ಮಹಿಮೆ’ ಎಂದು ಪ್ರಚಾರವಾಯಿತು. ಆದರೆ ನೇಪರ್‌ವಿಲ್ ಉಳ್ಳವರ, ಓದಿದವರ ಊರು. ಅಲ್ಲಿನ ಮಕ್ಕಳಿಗೆ ಓಟದ ಜೊತೆ ಇನ್ನೂ ನೂರು ಅನುಕೂಲಗಳಿದ್ದವು.

2023ರಲ್ಲಿ ಸ್ಪೇನ್ ದೇಶದ ಸಂಶೋಧಕರು ಆರೋಗ್ಯವಂತರ ಮೇಲೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಮತ್ತೆ ತೂಗಿ ನೋಡಿ, ವ್ಯಾಯಾಮದಿಂದ ಬುದ್ಧಿ ಚುರುಕಾಗುತ್ತದೆ ಎಂಬುದಕ್ಕೆ ಹೇಳಿಕೊಂಡಷ್ಟು ಬಲವಾದ ಆಧಾರವಿಲ್ಲ, ಲಾಭವಿದ್ದರೂ ಅದು ಚಿಕ್ಕದು ಎಂದರು. ಓಡಿದ ಮಾತ್ರಕ್ಕೆ ಬೀಜಗಣಿತ ಬರುವುದಿಲ್ಲ. ಪುಸ್ತಕ ತೆರೆಯಲೇಬೇಕು, ಲೆಕ್ಕ ಬಿಡಿಸಲೇಬೇಕು.

ಆದರೆ ಒಂದು ಮಾತಿನಲ್ಲಿ ಪ್ರಯೋಗಗಳು ಬಹುಮಟ್ಟಿಗೆ ಒಂದೇ ಸ್ವರದಲ್ಲಿವೆ. ದಿನಕ್ಕೆ ಒಂದು ಗಂಟೆ ಆಡಿದ್ದರಿಂದ ಮಕ್ಕಳ ಓದು ಕೆಟ್ಟಿತು ಎಂದು ತೋರಿಸಿದ್ದು ಕಾಣುವುದಿಲ್ಲ. ಆಟ ನಿಲ್ಲಿಸುವ ಮನೆಯವರು ಅಂಕ ಉಳಿಸುತ್ತಿದ್ದೇವೆಂದು ನಂಬಿರುತ್ತಾರೆ. ಉಳಿಯುವುದು ಏನೂ ಇಲ್ಲ. ಹೋಗುವುದು ಮಾತ್ರ ಮಗುವಿನ ನಿದ್ದೆ, ಹಸಿವು, ನಗು.

ಎಷ್ಟು ಸಾಕು?

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆಚ್ಚಗಾಗುವಂಥ ಚಟುವಟಿಕೆಯಲ್ಲಿ ತೊಡಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಸಂಸ್ಥೆಯ ತಜ್ಞರು 146 ದೇಶಗಳ ಮಾಹಿತಿ ಕಲೆಹಾಕಿ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 11ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 81ರಷ್ಟು ಮಂದಿಗೆ ಇಷ್ಟು ಚಟುವಟಿಕೆ ಇಲ್ಲ. ಹುಡುಗರಿಗಿಂತ ಹುಡುಗಿಯರ ಸ್ಥಿತಿ ಇನ್ನೂ ಕೆಳಗೆ.

ಅರವತ್ತು ನಿಮಿಷ ಎಂದರೆ ಗಾಬರಿಯಾಗಬೇಕಿಲ್ಲ, ಒಟ್ಟಿಗೇ ಆಗಬೇಕೆಂದೂ ಇಲ್ಲ. ಸೈಕಲ್ ತುಳಿದು ಶಾಲೆಗೆ ಹೋಗಿಬರುವ ಮಗುವಿನ ಅರ್ಧ ಪಾಲು ಅಲ್ಲೇ ಮುಗಿಯುತ್ತದೆ. ತೋಟ, ಗದ್ದೆಗಳ ನಡುವೆ ಮೂರು ಕಿಲೋಮೀಟರು ನಡೆದು ಶಾಲೆ ಸೇರುವ ಹಳ್ಳಿಯ ಮಗುವಿಗೆ ಬೇರೆ ವ್ಯಾಯಾಮ ಹೇಳಿಕೊಡುವ ಅಗತ್ಯವೇ ಇಲ್ಲ. ತೊಂದರೆ ಇರುವುದು ಮನೆಬಾಗಿಲಿಗೆ ಬರುವ ವ್ಯಾನು ಹತ್ತಿ, ಬೆಂಚಿನ ಮೇಲೆ ಕುಳಿತು, ಸಂಜೆ ಟ್ಯೂಷನ್ನಿನ ಬೆಂಚಿಗೆ ಜಾರುವ ಪಟ್ಟಣದ ಮಗುವಿಗೆ, ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಓದಿಸುವ ಹಾಸ್ಟೆಲಿನ ಮಗುವಿಗೆ.

ದುಡ್ಡು ಬೇಡ, ಜಿಮ್ ಬೇಡ. ಅಂಗಳದಲ್ಲಿ ಹಗ್ಗದಾಟ, ಬೀದಿಯಲ್ಲಿ ಲಗೋರಿ, ಮಹಡಿಯ ಮೇಲೆ ಷಟಲ್, ಕೋಣೆಯಲ್ಲಿ ಹನ್ನೆರಡು ಸೂರ್ಯನಮಸ್ಕಾರ, ಯಾವುದಾದರೂ ಸರಿ. ಮಾಡುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಉಸಿರು ಏರಿದರೆ ಸಾಕು ಎಂಬುದು ಸುಲಭ ಅಳತೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಬೆಳಗ್ಗೆ ಅಥವಾ ಸಂಜೆಯ ತಂಪು ಹೊತ್ತೇ ಲೇಸು, ಜೊತೆಗೆ ನೀರು ಕುಡಿಯಬೇಕು. ಉಬ್ಬಸ, ಹೃದಯದ ತೊಂದರೆ ಇರುವ ಮಕ್ಕಳು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇನ್ನು, ಓದಿನ ನಡುವಿನ ಬಿಡುವಿನಲ್ಲಿ ಮೊಬೈಲ್ ಹಿಡಿದು ಒರಗಿದರೆ ಅದು ಬಿಡುವೂ ಅಲ್ಲ, ವ್ಯಾಯಾಮವೂ ಅಲ್ಲ.

ಶಾಲೆಗಳೂ ಯೋಚಿಸಬೇಕಾದ ಒಂದು ಸಂಗತಿಯಿದೆ. ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಮೈದಾನವಿದ್ದೂ ಅಲ್ಲಿ ಮಕ್ಕಳಿಲ್ಲದಿದ್ದರೆ ಏನು ಬಂತು? ಮಗ್ಗಿ ತಪ್ಪಿದ ಹುಡುಗನಿಗೆ ಬಸ್ಕಿ ಹೊಡೆಸುವುದು, ತಡವಾಗಿ ಬಂದವಳಿಗೆ ಮೈದಾನ ಸುತ್ತಿಸುವುದು ನಮ್ಮಲ್ಲಿ ಹಳೆಯ ರೂಢಿ. ಹೋಂವರ್ಕ್ ಮಾಡದವರಿಗೆ ಆಟದ ಪಿರಿಯಡ್ ಬಂದ್ ಮಾಡುವುದು ಇನ್ನೊಂದು ರೂಢಿ. ವ್ಯಾಯಾಮ ಎಂದರೆ ಶಿಕ್ಷೆ ಎಂದು ಮೊದಲನೆಯದು ಕಲಿಸುತ್ತದೆ. ಎರಡನೆಯದು, ಗಮನ ನಿಲ್ಲದ ಮಗುವಿನಿಂದ ಗಮನ ನಿಲ್ಲಿಸಬಹುದಾದ ಉಪಾಯವನ್ನೇ ಕಿತ್ತುಕೊಳ್ಳುತ್ತದೆ.

ಮೈ ಬೆಳೆಸುವವರಿಗೆ ಬುದ್ಧಿ ಬೆಳೆಯುವುದಿಲ್ಲ ಎಂಬ ಕುಹಕ ನಮ್ಮಲ್ಲಿ ಉಂಟು. ಅದಕ್ಕೆ ಕನ್ನಡದಲ್ಲೇ ಉತ್ತರವಿದೆ. ‘ಶಾಂತಲಾ’, ‘ರೂಪದರ್ಶಿ’ಯಂಥ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ದೇಹದಾರ್ಢ್ಯದ ಮೇಲೆ ಪುಸ್ತಕಗಳನ್ನು ಬರೆದು ಹೆಸರಾದವರು. ಗರಡಿಯ ಬೆವರೂ ಲೇಖನಿಯ ಶಾಯಿಯೂ ಒಂದೇ ಮೈಯಲ್ಲಿ ಹೊಂದಿಕೊಂಡಿದ್ದವು.

ಕೊನೆಗೆ ಮತ್ತೆ ಆ ಕಿಟಕಿಯ ಬಳಿಗೇ ಬರೋಣ. ಐದು ಗಂಟೆಗೆ ಗೆಳೆಯರ ಕೂಗು ಕೇಳಿದಾಗ ‘ಪರೀಕ್ಷೆ ಮುಗೀಲಿ’ ಎನ್ನುವ ಬದಲು ಅಮ್ಮ ‘ಆರು ಗಂಟೆಗೆ ಒಳಗಿರಬೇಕು, ಈಗ ಹೋಗಿ ಆಡಿ ಬಾ’ ಎಂದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅದೇ ಮಾತನ್ನು ಒಳಕೋಣೆಯಲ್ಲಿ ಓದುತ್ತಿರುವ ಮಗಳಿಗೂ ಹೇಳಬೇಕು. ಸಾಧ್ಯವಾದರೆ ಅಪ್ಪನೂ ಚಪ್ಪಲಿ ಮೆಟ್ಟಿ ಜೊತೆಗೆ ಒಂದು ಸುತ್ತು ನಡೆದು ಬರಬೇಕು. ಆರು ಗಂಟೆಗೆ ಕೈಕಾಲು ಮುಖ ತೊಳೆದು ಪುಸ್ತಕ ಹಿಡಿದು ಕೂರುವ ಮಕ್ಕಳನ್ನು ಒಂದು ವಾರ ಗಮನಿಸಿ ನೋಡಿದರೆ, ಹಳೆಯ ಲೆಕ್ಕ ಎಲ್ಲಿ ತಪ್ಪಿತ್ತು ಎಂಬುದು ಮನೆಯವರಿಗೇ ತಿಳಿಯುತ್ತದೆ.